ಆಯಮ್ಮ ಒರೆಸಿದ ಗಾಳಿ

ಆಯಮ್ಮನ ಕಣ್ಣಿಗೆ ಬಿದ್ದ ಕೊಳೆ ಮರುದಿನದ ಬೆಳಕು ಕಂಡದ್ದಿಲ್ಲ. ಹನ್ನೊಂದು ವರ್ಷದಿಂದ ಆ ಶಾಲೆಯ ನೆಲ, ಬೆಂಚು, ಕಿಟಕಿ, ಕಪ್ಪುಹಲಗೆ ಎಲ್ಲವೂ ಅವಳ ಕೈಯಿಂದಲೇ ಮುಖ ತೊಳೆಸಿಕೊಂಡಿದ್ದವು. ಮೇಷ್ಟ್ರುಗಳು ಕಲಿಸಿದ್ದನ್ನು ಮರೆಯುವುದಕ್ಕೆ ಮಕ್ಕಳಿಗೆ ಒಂದು ವಾರವಾದರೂ ಬೇಕು, ಆಯಮ್ಮ ಅದನ್ನು ಸಂಜೆಯೊಳಗೆ ಮುಗಿಸಿಬಿಡುತ್ತಿದ್ದಳು. ವಾಯುಮಂಡಲದ ಐದು ಪದರಗಳನ್ನಂತೂ ವರ್ಷಕ್ಕೊಂದು ಸಲದ ಲೆಕ್ಕದಲ್ಲಿ ಹನ್ನೊಂದು ಸಲ ಒರೆಸಿದ್ದಾಳೆ. ಮೊದಲು ಮೇಲಿನ ಬಾಹ್ಯಮಂಡಲ, ಕೊನೆಗೆ ನೆಲಕ್ಕೆ ಅಂಟಿಕೊಂಡ ಪರಿವರ್ತನ ಮಂಡಲ. ಮಳೆ, ಮೋಡ, ಮಂಜು, ಬಿರುಗಾಳಿ ಎಲ್ಲ ನಡೆಯುವುದು ಈ ಕೆಳಗಿನ ಪದರದಲ್ಲೇ ಎಂದು ಪಾಠವಾಗುವುದನ್ನು ಅವಳು ಪಡಸಾಲೆ ಗುಡಿಸುತ್ತ ಕೇಳಿಸಿಕೊಂಡಿದ್ದಳು. "ಎಲ್ಲ ಕಡೆನೂ ಅಷ್ಟೇ, ರಗಳೆ ಎಲ್ಲ ಕೆಳಗಿರೋರ ಪಾಲಿಗೆ" ಎಂದು ಪೊರಕೆಗೆ ಹೇಳಿದ್ದಳು.

ಅವಳ ರಗಳೆಯ ಹೆಸರು ಪೀಪಿ. ನಾಲ್ಕನೇ ತರಗತಿಯಲ್ಲಿ ಓದುವ ಮೊಮ್ಮಗಳು. ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಉಸಿರಾಡಿದರೆ ಎದೆಯೊಳಗೆ ಸೀಟಿ ಊದಿದ ಹಾಗೆ ಸದ್ದು ಬರುತ್ತದೆಂದು ತರಗತಿಯ ಮಕ್ಕಳು ಪೀಪಿ ಎಂದು ಕರೆದರು, ಅದೇ ನಿಂತಿತು. ಹುಡುಗಿಯ ತಾಯಿ, ಅಂದರೆ ಆಯಮ್ಮನ ಮಗಳು, ದೂರದ ಡಿಪೋದಲ್ಲಿ ಬಸ್ ಕಂಡಕ್ಟರ್. ವಾರಕ್ಕೊಮ್ಮೆ ಬರುತ್ತಾಳೆ, ಬಂದವಳು ಮೊದಲು ಮಗಳ ಬೆನ್ನಿಗೆ ಕಿವಿಯಿಟ್ಟು ಕೇಳುತ್ತಾಳೆ, ಆಮೇಲೆ ಚಪ್ಪಲಿ ಬಿಡುತ್ತಾಳೆ. ಶಾಲೆಯ ಕೆಲಸದವರ ಮನೆಯ ಒಂದು ಮಗುವಿಗೆ ಅಲ್ಲಿ ಪುಕ್ಕಟೆ ಓದು. ಹಾಗಾಗಿ ಆಯಮ್ಮನ ಪೊರಕೆ ಇರುವವರೆಗೆ ಪೀಪಿಗೆ ಬೆಂಚಿನ ಮೇಲೆ ಜಾಗ.

ಆ ಬೆಂಚುಗಳ ಬೆನ್ನ ಮೇಲೆಲ್ಲ ಒಬ್ಬರದೇ ಹೆಸರು ಬರೆದಿತ್ತು. ಶಾಲೆಯ ಹಿಂದಿನ ಗೋಡೆಯಾಚೆ ಹಳೇ ಟೈರುಗಳನ್ನು ಕುಲುಮೆಯಲ್ಲಿ ಬೇಯಿಸಿ ಎಣ್ಣೆ ತೆಗೆಯುವ ಕಾರ್ಖಾನೆ ಇತ್ತಲ್ಲ, ಅದರ ಯಜಮಾನರು. ಬೆಂಚು ಕೊಟ್ಟಿದ್ದರು, ನೀರಿನ ತೊಟ್ಟಿ ಕೊಟ್ಟಿದ್ದರು, ಗಂಟೆ ಕೊಟ್ಟಿದ್ದರು. ಹೊಗೆಯನ್ನೂ ಅವರೇ ಕೊಡುತ್ತಿದ್ದರು, ಆದರೆ ಅದರ ಮೇಲೆ ಹೆಸರು ಬರೆಸಿರಲಿಲ್ಲ. ಸಂಜೆ ಐದರ ಹೊತ್ತಿಗೆ ಕುಲುಮೆ ಹೊತ್ತಿಕೊಂಡರೆ ಬೆಳಿಗ್ಗೆ ಶಾಲೆಯ ಗಂಟೆ ಹೊಡೆಯುವವರೆಗೂ ಉರಿಯುತ್ತಿತ್ತು.

ಇದನ್ನು ಸಹಿಸದೇ ಹೋದವರು ಒಬ್ಬರೇ, ಆ ವರ್ಷ ಹೊಸದಾಗಿ ಬಂದ ವಿಜ್ಞಾನದ ಟೀಚರ್. ಚಳಿಗಾಲದಲ್ಲಿ ಏಳನೇ ತರಗತಿಯವರಿಗೆ ಅವರು ಪಾಠ ಮಾಡಿದರು: ಸಾಮಾನ್ಯವಾಗಿ ಬಿಸಿ ಗಾಳಿ ಮೇಲೇರುತ್ತದೆ, ಹೊಗೆಯನ್ನೂ ಹೊತ್ತುಕೊಂಡು ಹೋಗುತ್ತದೆ. ಆದರೆ ಚಳಿಗಾಲದ ಬೆಳಗಿನಲ್ಲಿ ನೆಲದ ಬಳಿಯ ಗಾಳಿ ತಣ್ಣಗೆ ಕೂತಿರುತ್ತದೆ, ಮೇಲಿನ ಗಾಳಿಯೇ ಬೆಚ್ಚಗಿರುತ್ತದೆ. ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಹೊಗೆ ಆ ಮುಚ್ಚಳದ ಕೆಳಗೇ ಸಿಕ್ಕಿಕೊಳ್ಳುತ್ತದೆ. "ಆ ಪಾತ್ರೆಯೊಳಗೆ ಯಾರಿದ್ದಾರೆ?" ಎಂದು ಟೀಚರ್ ಕೇಳಿದರೆ ಇಡೀ ತರಗತಿ ಕೆಮ್ಮಿಯೇ ಉತ್ತರ ಕೊಟ್ಟಿತ್ತು.

ಟೀಚರ್ ಪರಿಸರ ಕಚೇರಿಗೆ ಕಾಗದ ಬರೆದರು. ಕಚೇರಿಯವರು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಉತ್ತರಿಸಿದರು. ಗಾಳಿ ಅಳೆಯುವ ಯಂತ್ರ ಒಂದೇ ಇದೆ, ಕೇಳಿದವರಿಗೆಲ್ಲ ಕಳಿಸಲಾಗದು. ಶಾಲೆಯವರೇ ನಾಲ್ಕು ವಾರ ಕಾರ್ಡಿನ ಪ್ರಯೋಗ ಮಾಡಿ ದಾಖಲೆ ಕಳಿಸಲಿ, ಕಾರಣ ಕಂಡರೆ ಯಂತ್ರ ತರುತ್ತೇವೆ. ಯಂತ್ರ ಬಂದು ಹೌದೆಂದರೆ ಕುಲುಮೆಗೆ ಬೀಗ. ಕಾರ್ಡಿನ ಪ್ರಯೋಗವೆಂದರೆ ದೊಡ್ಡದೇನಲ್ಲ. ಬಿಳಿ ರಟ್ಟಿಗೆ ತೆಳ್ಳಗೆ ವ್ಯಾಸಲೀನ್ ಸವರಿ ಹೊರಗೆ ತೂಗುಹಾಕುವುದು. ಗಾಳಿಯಲ್ಲಿ ಹಾರುವ ಮಸಿ, ಧೂಳು ಬಂದು ಅಂಟಿಕೊಳ್ಳುತ್ತದೆ. ಶುಕ್ರವಾರ ತೆಗೆದು, ಒಂದು ಸೆಂಟಿಮೀಟರ್ ಚೌಕದ ಕಿಂಡಿ ಕೊರೆದ ಇನ್ನೊಂದು ರಟ್ಟನ್ನು ಮೇಲಿಟ್ಟು, ಭೂತಕನ್ನಡಿಯಲ್ಲಿ ನೋಡಿ ಚುಕ್ಕೆ ಎಣಿಸಿ ಬರೆಯುವುದು.

ಹಿಂದಿನ ಪಡಸಾಲೆಯ ಐದು ಕಂಬಗಳಿಗೆ ಐದು ಕಾರ್ಡು ಬಿದ್ದವು. ಕಾರ್ಖಾನೆಯ ಕಡೆಯವರು ಬಂದು ಕೈಯಾಡಿಸಬಾರದೆಂದು ಟೀಚರ್ ಮಕ್ಕಳಿಂದ ಆಣೆ ಹಾಕಿಸಿಕೊಂಡರು, ಇದು ಏಳನೇ ತರಗತಿಯ ಗುಟ್ಟು, ಹೊರಗೆ ಉಸಿರೆತ್ತಕೂಡದು. ಮಕ್ಕಳು ಹುಟ್ಟಿದಂದಿನಿಂದ ಒಂದೂ ಗುಟ್ಟು ಉಳಿಸಿಕೊಂಡವರಲ್ಲ. ಇದೊಂದನ್ನು ಮಾತ್ರ ಉಳಿಸಿಕೊಂಡರು. ಆಯಮ್ಮನಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆಯಮ್ಮಂದಿರಿಗೆ ಯಾರು ಏನು ಹೇಳುತ್ತಾರೆ?

ಹೇಳಿದವರು ಹೆಡ್‌ಮಾಸ್ಟರು ಮಾತ್ರ. ಅದೇ ವಾರ ಅವರು ಅವಳನ್ನು ಕರೆದು, "ನೋಡಮ್ಮ, ಇನ್ಸ್‌ಪೆಕ್ಟರು ಯಾವತ್ತು ಬೇಕಾದ್ರೂ ಬರಬಹುದು. ಒಂದು ಚೂರು ಧೂಳು ಕಾಣಬಾರದು" ಎಂದರು.

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಪಡಸಾಲೆ ಒರೆಸುವಾಗ ಆಯಮ್ಮ ಕಾರ್ಡುಗಳನ್ನು ಕಂಡಳು. ಪಾಪ, ಮಕ್ಕಳ ಕೈಕೆಲಸ. ಏನೋ ಹೊಳಪು ಬರಲಿ ಅಂತ ವ್ಯಾಸಲೀನ್ ಬೇರೆ ಸವರಿವೆ, ಅದಕ್ಕೇ ಮಸಿ ಹಿಡಿದು ಹಾಳಾಗುತ್ತಿದೆ. ಅವಳು ಒಂದೊಂದನ್ನೂ ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ತಿಕ್ಕಿ, ಮಕ್ಕಳಿಗೆ ಬೇಜಾರಾಗಬಾರದೆಂದು ತನ್ನ ಡಬ್ಬಿಯಿಂದಲೇ ಹೊಸ ವ್ಯಾಸಲೀನ್ ಸವರಿ ಮತ್ತೆ ತೂಗುಹಾಕಿದಳು. ಮರುದಿನದಿಂದ ದಿನಾ ಬೆಳಿಗ್ಗೆ ಅದೇ ಕೆಲಸ. ಒಡೆದ ಹಿಮ್ಮಡಿಗೆಂದು ಇಟ್ಟುಕೊಂಡ ಡಬ್ಬಿ ಅದು. ಹಿಮ್ಮಡಿ ಒಂದು ತಿಂಗಳು ಕಾಯಬಹುದು, ಇನ್ಸ್‌ಪೆಕ್ಟರು ಕಾಯುವುದಿಲ್ಲ.

ಶುಕ್ರವಾರ ಏಳನೇ ತರಗತಿ ಎಣಿಸಿತು. ಸೊನ್ನೆ. ಐದೂ ಕಾರ್ಡಿಗೆ ಸೊನ್ನೆ. ಎರಡನೇ ವಾರ ಒಂದು ಕಾರ್ಡಿನಲ್ಲಿ ಒಂದು ಚುಕ್ಕೆ ಸಿಕ್ಕಿತೆಂದು ಹುಡುಗನೊಬ್ಬ ಕುಣಿದಾಡಿದ, ನೋಡಿದರೆ ಅದು ಇರುವೆ. ಟೀಚರ್ ಕಾರ್ಡುಗಳನ್ನು ಕಂಬದಿಂದ ತೆಗೆದು ಕಾರ್ಖಾನೆಯ ಗೋಡೆಯ ಮಗ್ಗುಲಿಗೇ ಕಟ್ಟಿಸಿದರು. ಅಲ್ಲಿ ಮಸಿ ಜಾಸ್ತಿಯೆಂದು ಆಯಮ್ಮ ಬೆಳಿಗ್ಗೆಯೂ ಒಂದು ಸಲ, ಸಂಜೆಯೂ ಒಂದು ಸಲ ಒರೆಸಿದಳು. ಟೀಚರ್ ದಿನದಿಂದ ದಿನಕ್ಕೆ ಸೊರಗುತ್ತಿದ್ದರು. ಅವರನ್ನು ಕಂಡು ಆಯಮ್ಮನಿಗೆ ಅಯ್ಯೋ ಅನ್ನಿಸಿತು, ಪಾಪ, ಇಷ್ಟು ಸಣ್ಣ ವಯಸ್ಸಿಗೆ ಏನು ಚಿಂತೆಯೋ, ಇರಲಿ, ನನ್ನಿಂದಾದಷ್ಟು ಅವರ ಮಕ್ಕಳ ಕೈಕೆಲಸವನ್ನಾದರೂ ಚೊಕ್ಕವಾಗಿ ಇಡೋಣ ಎಂದುಕೊಂಡಳು.

ನಾಲ್ಕು ವಾರ ಮುಗಿದವು. ಟೀಚರ್ ಆ ದಾಖಲೆಯನ್ನು ಮೇಜಿನ ಖಾನೆಯಲ್ಲಿ ಮುಚ್ಚಿಟ್ಟರೆ, ಹೆಡ್‌ಮಾಸ್ಟರು ಹುಡುಕಿ ತೆಗೆದು ತಾವೇ ಸಹಿ ಹಾಕಿ ಕಳಿಸಿದರು. ಗಾಳಿ ಬಂದಾಗ ತೂರಿಕೊಳ್ಳುವ ಕಲೆ ಅವರಿಗೆ ಹುಟ್ಟಿನಿಂದಲೇ ಬಂದಿತ್ತು.

ಎರಡು ವಾರದ ನಂತರ ಬೆಳಗಿನ ಪ್ರಾರ್ಥನೆಯ ಸಾಲಿನ ಮುಂದೆ ಅವರು ಕಚೇರಿಯ ಉತ್ತರ ಓದಿದರು. ಮಕ್ಕಳು ಬಾಯಿಗೆ ಕೈಯಡ್ಡ ಇಟ್ಟುಕೊಂಡು ಕೆಮ್ಮುತ್ತ ಕೇಳಿದರು. "ನಾಲ್ಕು ವಾರ ಹೊರಗೆ ತೂಗುಹಾಕಿದ ಇಪ್ಪತ್ತು ಕಾರ್ಡುಗಳಲ್ಲಿ ಒಂದೇ ಒಂದು ಮಸಿಯ ಕಣವೂ ಕಂಡುಬಂದಿಲ್ಲವಾದ್ದರಿಂದ, ಯಂತ್ರದ ಅಗತ್ಯ ಇರುವುದಿಲ್ಲ. ಈ ಶಾಲೆಯನ್ನು ನಿರ್ಮಲ ವಾಯು ಶಾಲೆ ಎಂದು ಘೋಷಿಸಲಾಗಿದೆ." ಕಾರ್ಡು ಯಾಕೆ, ವ್ಯಾಸಲೀನ್ ಯಾಕೆ, ಚುಕ್ಕೆ ಯಾಕೆ ಎಂಬುದನ್ನೂ ಅವರೇ ಬಿಡಿಸಿ ಹೇಳಿದರು. ಮಾತು ಬರುವವರು, ಬಿಡುತ್ತಾರೆಯೇ.

ಗೇಟಿನ ಬಳಿ ಬಕೆಟ್ ಹಿಡಿದು ನಿಂತಿದ್ದ ಆಯಮ್ಮ ಮಕ್ಕಳ ಸಾಲಿನತ್ತ ತಿರುಗಿ ನೋಡಿದಳು. ನಾಲ್ಕನೇ ತರಗತಿಯ ಸಾಲಿನ ಕೊನೆಯಲ್ಲಿ ಪೀಪಿ ಎರಡು ಮೊಣಕಾಲಿಗೂ ಕೈಯೂರಿ ಬಗ್ಗಿ ಉಸಿರು ಎಳೆಯುತ್ತಿದ್ದಳು. ಆ ಸೀಟಿ ಅಷ್ಟು ದೂರಕ್ಕೂ ಕೇಳಿಸಿತು, ಇಲ್ಲವೇ ಅವಳ ಕಿವಿಗೆ ಮಾತ್ರ ಕೇಳಿಸಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆಯಮ್ಮನಿಗೆ ತನ್ನ ಕೈಯನ್ನು ಕಂಡು ಹೇಸಿಗೆಯಾಯಿತು.

ಸಂಜೆ ಅವಳು ಪ್ರಯೋಗಶಾಲೆಯ ಬಾಗಿಲಲ್ಲಿ ಹೋಗಿ ನಿಂತಳು. ಟೀಚರ್ ಒಬ್ಬರೇ ಕೂತಿದ್ದರು.

"ಟೀಚರ್, ಆ ಕಾರ್ಡು ನಾನು ಒರೆಸ್ತಿದ್ದೆ."

"ಯಾವ ಕಾರ್ಡು?"

"ಎಲ್ಲಾನೂ. ದಿನಾ. ಗೋಡೆ ಹತ್ರ ಕಟ್ಟಿದ ಮೇಲೆ ದಿನಕ್ಕೆ ಎರಡು ಸಲ. ಒರೆಸಿ ಮತ್ತೆ ವ್ಯಾಸಲೀನ್ ಹಚ್ಚಿ ಇಡ್ತಿದ್ದೆ. ನಂದೇ ಡಬ್ಬಿದು."

"ನಿಮ್ಮದೇ ಡಬ್ಬಿದಾ?" ಎಂದು ಕೇಳಿ ಟೀಚರ್ ನಕ್ಕರು. ನಗು ಅರ್ಧಕ್ಕೆ ಅಳುವಾಯಿತು. "ನಿಮ್ಮನ್ನ ಏನಂತ ಬಯ್ಯಲಿ ಆಯಮ್ಮ? ನಿಮಗೊಂದು ಮಾತು ಹೇಳದೇ ಇದ್ದಿದ್ದು ನಾನು. ಬನ್ನಿ, ಸಾರ್‌ಗೆ ಹೇಳೋಣ."

ಹೆಡ್‌ಮಾಸ್ಟರು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಅವರ ತಾಳ್ಮೆಯೇ ಭಯ ಹುಟ್ಟಿಸುವಂಥದ್ದು.

"ನೀನು ಒರೆಸಿದ್ದನ್ನ ಯಾರು ನೋಡಿದ್ದಾರೆ?"

"ನಾನೇ ನೋಡಿದ್ದೀನಿ ಸಾರ್."

"ಅದಲ್ಲಮ್ಮ. ನೀನು ಸ್ವಚ್ಛ ಮಾಡಿದೆ, ಅವರು ಸ್ವಚ್ಛ ಅಂದ್ರು. ಇದ್ರಲ್ಲಿ ತಪ್ಪೆಲ್ಲಿ ಬಂತು?"

"ಇನ್ನೊಂದು ನಾಲ್ಕು ವಾರ ಕಾರ್ಡು ಹಾಕ್ತೀವಿ ಸಾರ್" ಎಂದರು ಟೀಚರ್.

"ಬಂದ ಪ್ರಶಸ್ತಿ ವಾಪಸ್ ಕೊಟ್ಟ ಶಾಲೆ ಎಲ್ಲಾದ್ರೂ ಕಂಡಿದ್ದೀರಾ? ಇನ್ಮೇಲೆ ನನ್ನ ಶಾಲೆ ಗೋಡೆ ಮೇಲೆ ಒಂದು ಕಾರ್ಡೂ ಕಾಣಬಾರದು." ಆಮೇಲೆ ಆಯಮ್ಮನ ಕಡೆ ತಿರುಗಿ ದನಿ ಇಳಿಸಿದರು. "ಮೊಮ್ಮಗಳು ನಾಲ್ಕನೇ ತರಗತಿ ಅಲ್ವಾ? ಅವಳ ಬೆಂಚು ನಿನ್ನ ಕೆಲಸದ ಮೇಲೆ ನಿಂತಿದೆ. ಬಾಯಿಗೆ ಬೀಗ ಹಾಕ್ಕೋ, ಪೊರಕೆ ಹಿಡ್ಕೋ."

ಆಯಮ್ಮ ಬಾಯಿಗೆ ಬೀಗ ಹಾಕಿಕೊಂಡಳು. ತಲೆ ಗಟ್ಟಿ ಇದೆಯೆಂದು ಯಾರೂ ಬಂಡೆಗೆ ಹಾಯುವುದಿಲ್ಲ. ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಒಂದೇ ಮಾತು ತಲೆಯಲ್ಲಿ ತಿರುಗಿತು. ಕಾರ್ಡು ಕಾಣಬಾರದು ಅಂದರು. ಕಾರ್ಡು ಮಾತ್ರ.

ಪ್ರಶಸ್ತಿಯ ಫಲಕ ಬಂತು. ಬಿಳಿ ಅಮೃತಶಿಲೆ, ಒಂದು ಬಾಗಿಲಿನ ಅರ್ಧದಷ್ಟು ದೊಡ್ಡದು, ಬಂಗಾರದ ಬಣ್ಣದಲ್ಲಿ 'ನಿರ್ಮಲ ವಾಯು ಶಾಲೆ'. ಕೊಟ್ಟವರು ಯಾರೆಂದು ಹೇಳಬೇಕಿಲ್ಲ, ಕೆಳಗೆ ಹೆಸರು ಕೆತ್ತಿಸಿದ್ದರು. ಗಾರೆಯವನು ಅದನ್ನು ಮುಂದಿನ ಮೆಟ್ಟಿಲ ಪಕ್ಕದ ಗೋಡೆಗೆ ಕೂರಿಸಿ ಹೋದ. ಅನಾವರಣಕ್ಕೆ ಇನ್ನೂ ಹದಿನೈದು ದಿನ. ಆಟದ ಹೊತ್ತಿನಲ್ಲಿ ಮಕ್ಕಳ ಚೆಂಡು ಬಡಿದು ಕಲ್ಲು ಒಡೆದೀತೆಂದು ಹೆಡ್‌ಮಾಸ್ಟರು ಹಳೆಯ ಸೂಚನಾ ಹಲಗೆಯೊಂದನ್ನು ಅದರ ಮುಂದೆ ಅಡ್ಡ ನಿಲ್ಲಿಸಿದರು.

"ಆಯಮ್ಮ, ಈ ಕಲ್ಲಿನ ಜವಾಬ್ದಾರಿ ನಿಂದು. ಅವತ್ತು ಪರದೆ ಎಳೆದ್ರೆ ಎಲ್ಲರ ಕಣ್ಣೂ ಇದರ ಮೇಲೆ ಇರಬೇಕು."

"ಇರುತ್ತೆ ಸಾರ್" ಎಂದಳು ಆಯಮ್ಮ.

ಅವತ್ತು ಸಂಜೆ ಎಲ್ಲರೂ ಹೋದ ಮೇಲೆ ಅವಳು ಹಲಗೆ ಪಕ್ಕಕ್ಕೆ ಸರಿಸಿದಳು. ಹೊಸ ಡಬ್ಬಿ ತೆಗೆದು, ಬಿಳಿ ಕಲ್ಲಿಗೆ ಮೂಲೆಯಿಂದ ಮೂಲೆಗೆ ವ್ಯಾಸಲೀನ್ ಸವರಿದಳು, ಮಗುವಿನ ಮೈಗೆ ಎಣ್ಣೆ ಹಚ್ಚುವಷ್ಟು ಸಾವಧಾನವಾಗಿ. ಗೋಡೆಯಾಚೆ ಕುಲುಮೆ ಹೊತ್ತಿಕೊಂಡ ಸದ್ದು ಕೇಳಿ ಬಾಗಿಲಿಗೆ ಬೀಗ ಹಾಕಿ ಮನೆಗೆ ಹೋದಳು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಹಲಗೆಯನ್ನು ಮತ್ತೆ ಅಡ್ಡ ನಿಲ್ಲಿಸಿದಳು. ಕಲ್ಲಿನ ಮೇಲೆ ಎಳ್ಳು ಚೆಲ್ಲಿದಂತೆ ಇತ್ತು. ಒರೆಸಬೇಕೆಂದು ಕೈ ತಾನಾಗಿ ಮುಂದೆ ಹೋಯಿತು. ಅದನ್ನು ಇನ್ನೊಂದು ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆದುಕೊಂಡಳು.

ಹದಿನೈದು ದಿನ ಹೀಗೇ ನಡೆಯಿತು. ಅಷ್ಟು ಕಷ್ಟದ ಕೆಲಸವನ್ನು ಆಯಮ್ಮ ಜನ್ಮದಲ್ಲಿ ಮಾಡಿರಲಿಲ್ಲ. ಕಣ್ಣೆದುರಿಗೆ ಕೊಳೆ ಬೆಳೆಯುತ್ತಿದೆ, ಸುಮ್ಮನಿರಬೇಕು. ಸಿಕ್ಕಿಬಿದ್ದರೆ ಪೊರಕೆ ಹೋಗುತ್ತದೆ, ಅದರ ಹಿಂದೆಯೇ ಪೀಪಿಯ ಬೆಂಚು. ಒಂಬತ್ತನೇ ದಿನ ಅವಳ ಧೈರ್ಯ ಕೈಕೊಟ್ಟಿತು. ಒದ್ದೆ ಬಟ್ಟೆ ಹಿಡಿದು ಫಲಕದ ಮುಂದೆ ನಿಂತೇಬಿಟ್ಟಳು. ಹಿಂದಿನ ರಾತ್ರಿಯೆಲ್ಲ ಪೀಪಿ ಗೋಡೆಗೊರಗಿ ಕೂತೇ ಉಸಿರಾಡಿದ್ದಳು, ಮಲಗಿದರೆ ಎದೆ ಕಟ್ಟುತ್ತದೆ ಎಂದು. ಅದು ನೆನಪಾಗಿ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು.

ಅನಾವರಣದ ದಿನ ಪರದೆ ಕಟ್ಟುವ ಕೆಲಸ ಸಹಜವಾಗಿ ಅವಳಿಗೇ ಬಂತು. ಮಕ್ಕಳು ಬರುವ ಮೊದಲೇ ನೀಲಿ ಪರದೆಯನ್ನು ಕಲ್ಲಿಗೆ ತಾಗದಂತೆ ಸರಿಗೆಯ ಮೇಲೆ ಇಳಿಬಿಟ್ಟಳು. ಹತ್ತು ಗಂಟೆಗೆ ಕಾರ್ಖಾನೆಯ ಯಜಮಾನರು ಬಿಳಿ ಅಂಗಿ ತೊಟ್ಟು ಬಂದರು. ಪರಿಸರ ಕಚೇರಿಯ ಅಧಿಕಾರಿಯೂ ಬಂದರು. ಹೆಡ್‌ಮಾಸ್ಟರು ಮೈಕಿನಲ್ಲಿ ಶುದ್ಧ ಗಾಳಿಯ ಮಹತ್ವದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು, ನಡುವೆ ಮೂರು ಸಲ ಕೆಮ್ಮಿ ನೀರು ಕುಡಿದರು. ಆಮೇಲೆ ಯಜಮಾನರು ನಗುನಗುತ್ತ ಹಗ್ಗ ಎಳೆದರು.

ಕಲ್ಲು ಕಾಣಿಸಲಿಲ್ಲ. ಗೋಡೆಯಲ್ಲಿ ಕಪ್ಪಗೆ, ಮಬ್ಬಾಗಿ ಒಂದು ಚೌಕ ಕಾಣಿಸಿತು. ಬಂಗಾರದ ಅಕ್ಷರಗಳಲ್ಲಿ 'ನಿರ್ಮಲ' ಎಂಬುದನ್ನು ಕಷ್ಟಪಟ್ಟು ಓದಬಹುದಿತ್ತು. ಚಪ್ಪಾಳೆಗೆಂದು ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು.

ಮೊದಲು ಬಾಯಿಬಿಟ್ಟವನು ಇರುವೆಯ ಹುಡುಗ. "ಟೀಚರ್, ಅದು ಕಾರ್ಡು" ಎಂದ.

ಏಳನೇ ತರಗತಿಯ ಸಾಲು ಅಲುಗಾಡಿತು. ನಾಲ್ಕು ವಾರ ಸೊನ್ನೆಯನ್ನೇ ಎಣಿಸಿ ಬರಗೆಟ್ಟ ಮಕ್ಕಳು. ಒಬ್ಬಳ ಜೇಬಿನಿಂದ ಕಿಂಡಿಯ ರಟ್ಟು ಹೊರಬಂತು, ಇನ್ನೊಬ್ಬನ ಚೀಲದಿಂದ ಭೂತಕನ್ನಡಿ. "ಎಣಿಸ್ಲಾ ಟೀಚರ್?"

ಟೀಚರ್ ಗುಂಪಿನ ನಡುವೆ ಆಯಮ್ಮನನ್ನು ಹುಡುಕಿ ನೋಡಿದರು. ಆಯಮ್ಮ ನೆಲ ನೋಡುತ್ತಿದ್ದಳು. "ಎಣಿಸಿ" ಎಂದರು ಟೀಚರ್.

"ಆಯಮ್ಮ, ಏನ್ ನೋಡ್ತಾ ನಿಂತಿದ್ದೀಯ, ಬಾ, ಒರೆಸು" ಎಂದರು ಹೆಡ್‌ಮಾಸ್ಟರು. ಮೈಕು ಕೈಯಲ್ಲೇ ಇತ್ತು, ಬೀದಿಗೆಲ್ಲ ಕೇಳಿಸಿತು.

ಆಯಮ್ಮ ಬಕೆಟ್ ಕೆಳಗಿಟ್ಟಳು. "ಒರೆಸಿ ಒರೆಸಿನೇ ಸಾರ್ ಈ ಕಲ್ಲು ಬಂದಿದ್ದು. ಇನ್ನು ನನ್ನ ಕೈಲಾಗಲ್ಲ."

ಅಧಿಕಾರಿ ಮೆಟ್ಟಿಲಿಳಿದು ಬಂದು ಬೆರಳಿನಿಂದ ಕಲ್ಲನ್ನು ಗೀರಿದರು. ಬೆರಳು ಕಪ್ಪಾಯಿತು, ಗೀರಿದ ಕಡೆ ಹಾಲಿನಂಥ ಬಿಳುಪು ಕಂಡಿತು. "ಎಷ್ಟು ದಿನದ್ದಮ್ಮ ಇದು?" ಎಂದು ಕೇಳಿದರು.

"ಹದಿನೈದು ದಿನದ್ದು ಸಾರ್. ಕಾರ್ಡುಗಳಿಗೆ ಹಚ್ಚಿದ್ದೇ ವ್ಯಾಸಲೀನ್. ಅವನ್ನ ನಾನು ದಿನಾ ಒರೆಸ್ತಿದ್ದೆ, ಇದನ್ನ ಒರೆಸಲಿಲ್ಲ. ಅಷ್ಟೇ ವ್ಯತ್ಯಾಸ."

ಅಷ್ಟರಲ್ಲಿ ಕಿಂಡಿಯಲ್ಲಿ ಕಣ್ಣಿಟ್ಟಿದ್ದ ಹುಡುಗಿ ನೂರಾ ನಲವತ್ತರ ಹತ್ತಿರ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರು ಮಾಡಿದಳು. ಯಜಮಾನರು ತಮ್ಮ ಬಿಳಿ ಅಂಗಿಯ ತೋಳನ್ನು ಒಂದು ಸಲ ನೋಡಿಕೊಂಡರು. ಅವರಿಗೆ ಬೇರೆಲ್ಲೋ ತುರ್ತು ಕೆಲಸವಿತ್ತಂತೆ, ತಿಂಡಿಗೂ ನಿಲ್ಲಲಿಲ್ಲ.

ಮುಂದಿನ ಸೋಮವಾರ ಯಂತ್ರ ಬಂತು. ಶಾಲೆಯ ಮಹಡಿಯ ಮೇಲೆ ಕೂತಿತು, ಒಂದು ಇಡೀ ವರ್ಷ ಕೂತಿರಬೇಕೆಂದು ಆದೇಶ. ಅದು ಬಂದ ಸಂಜೆಯಿಂದಲೇ ಕುಲುಮೆ ದುರಸ್ತಿಗೆಂದು ನಿಂತಿತು. ಯಂತ್ರ ಇರುವವರೆಗೆ ದುರಸ್ತಿ ಮುಗಿಯುವಂತೆ ಕಾಣಲಿಲ್ಲ. ಹಾಗಾಗಿ ಅಂಥ ದುಬಾರಿ ಯಂತ್ರ ದಿನವೂ ಅಳೆದು ಹೇಳುತ್ತಿದ್ದದ್ದು ಆಯಮ್ಮನ ಕಾರ್ಡುಗಳು ಹೇಳಿದ್ದನ್ನೇ: ಗಾಳಿ ಚೊಕ್ಕವಾಗಿದೆ. ಯಂತ್ರ ಕೂರಿಸಿದವನು ಹೋಗುವಾಗ ಆಯಮ್ಮನನ್ನೇ ಕರೆದು, ಇದನ್ನು ಯಾರೂ ಒರೆಸಕೂಡದು ಎಂದು ಎರಡೆರಡು ಸಲ ಹೇಳಿ ಹೋಗಿದ್ದ. ಕೊನೆಗೂ ಒಬ್ಬ ಅವಳಿಗೆ ಹೇಳಿದ.

ಹೆಡ್‌ಮಾಸ್ಟರಿಗೆ ಅವಳನ್ನು ಕೆಲಸದಿಂದ ತೆಗೆಯುವ ಆಸೆ ಬೇಕಾದಷ್ಟಿತ್ತು. ಅಧಿಕಾರಿ ಅವಳ ಹೆಸರನ್ನೂ ವರದಿಯಲ್ಲಿ ಬರೆದುಕೊಂಡು ಹೋಗಿದ್ದರಿಂದ ಕೈ ಬರಲಿಲ್ಲ. ಮೂರು ವಾರ ಯೋಚಿಸಿ, ಮೊಹರು ಹಾಕಿದ ಒಂದು ಕಾಗದ ಕೊಟ್ಟರು. ಆಯಮ್ಮನಿಗೆ ಓದು ಅಷ್ಟಕ್ಕಷ್ಟೆ. ಸಂಜೆ ಮನೆಯ ಹೊಸ್ತಿಲಲ್ಲಿ ಕೂತು ಪೀಪಿಯ ಕೈಗೆ ಕೊಟ್ಟಳು.

ಪೀಪಿ ನಿಂತುಕೊಂಡು, ತರಗತಿಯಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದಿದಳು. "ಶಾಲೆಯ ಸ್ವಚ್ಛತೆಯ ಜವಾಬ್ದಾರಿ ಹೊತ್ತ ತಾವು ಹದಿನೈದು ದಿನಗಳ ಕಾಲ ಅಮೃತಶಿಲೆಯ ಫಲಕವನ್ನು ಒರೆಸದೆ ಕರ್ತವ್ಯದಲ್ಲಿ ತೀವ್ರ ಅಸಡ್ಡೆ ತೋರಿ ಗಣ್ಯರ ಎದುರು ಶಾಲೆಯ ಗೌರವಕ್ಕೆ ಕಪ್ಪು ಚುಕ್ಕೆ ತಂದಿರುವುದರಿಂದ ಇದನ್ನು ಮೊದಲನೆಯ ಮತ್ತು ಕೊನೆಯ ಎಚ್ಚರಿಕೆಯೆಂದು ತಿಳಿಯತಕ್ಕದ್ದು."

ಅಷ್ಟುದ್ದದ ವಾಕ್ಯ. ಹುಡುಗಿ ಎಲ್ಲೂ ನಿಲ್ಲಲಿಲ್ಲ, ನಡುವೆ ಉಸಿರು ಎಳೆದುಕೊಳ್ಳಲಿಲ್ಲ, ಸೀಟಿ ಊದಲಿಲ್ಲ.

ಆಯಮ್ಮನಿಗೆ ಕಾಗದದಲ್ಲಿ ಏನಿತ್ತೆಂಬುದು ಒಂದಕ್ಷರವೂ ತಲೆಗೆ ಹೋಗಲಿಲ್ಲ. ಮೊಮ್ಮಗಳ ಎದೆಯನ್ನೇ ನೋಡುತ್ತಿದ್ದಳು.

"ಬೈದಿದ್ದಾರೆ ಅಜ್ಜಿ" ಎಂದಳು ಪೀಪಿ, ಸಣ್ಣ ಮುಖ ಮಾಡಿಕೊಂಡು.

"ಬೈಯ್ಯಲಿ ಬಿಡು" ಎಂದಳು ಆಯಮ್ಮ. "ಇನ್ನೊಂದ್ಸಲ ಓದು."